ಕಾಲುವೆ ರಸ್ತೆಯ ಓಟದ ಡ್ಯೂಟಿ

ಮಾರ್ಚ್ ೩, ಸೋಮವಾರ

ಸಿಟ್ಟು ಬಂದಾಗ ಹಲ್ಲು ಕಚ್ಚಬೇಡಿ, ಬರೆದಿಡಿ ಎಂದು ಬಿ.ಪಿ. ಡಾಕ್ಟರು ಹೇಳಿದ್ದಾರೆ. ಸರಿ, ಬರೆಯುತ್ತೇನೆ. ಜೀವಮಾನವೆಲ್ಲ ಪೊಲೀಸ್ ಇಲಾಖೆಯ ಗಾಡಿ ಓಡಿಸಿದವನು ನಾನು. ಮಂತ್ರಿಗಳ ಹಿಂದೆ ಹೋಗಿದ್ದೇನೆ, ಕಳ್ಳರ ಹಿಂದೆ ಹೋಗಿದ್ದೇನೆ, ಇಬ್ಬರೂ ಒಂದೇ ಗಾಡಿಯಲ್ಲಿದ್ದಾಗಲೂ ಹಿಂದೆ ಹೋಗಿದ್ದೇನೆ. ಇವತ್ತಿನಿಂದ ನನ್ನ ಕೆಲಸವೆಂದರೆ ಬೆಳಗ್ಗೆ ಎದ್ದು ಓಡುವ ಇಬ್ಬರು ಹುಡುಗಿಯರ ಹಿಂದೆ ಒಂದು ಬಿಳಿ ಕಾರು ಬಿಡುವುದು.

ಇನ್‌ಸ್ಪೆಕ್ಟರ್ ಮೇಡಂ ಕರೆದು ವಿವರಿಸಿದರು. ಕಾಲುವೆ ರಸ್ತೆಯಲ್ಲಿ ಓಡಲು, ನಡೆಯಲು ಬರುವ ಹೆಂಗಸರನ್ನು ಚುಡಾಯಿಸುತ್ತಾರಂತೆ. ಹಾರನ್ ಹೊಡೆಯುವುದು, ಸಿಳ್ಳೆ ಹಾಕುವುದು, ಪಕ್ಕದಲ್ಲೇ ಬೈಕು ನಿಧಾನ ಮಾಡಿ ಏನೇನೋ ಹೇಳುವುದು. ಅರ್ಧಕ್ಕರ್ಧ ಹೆಂಗಸರು ಬರುವುದನ್ನೇ ಬಿಟ್ಟಿದ್ದಾರಂತೆ. ಅದಕ್ಕೆ ನಮ್ಮ ಇಬ್ಬರು ಕಾನ್‌ಸ್ಟೇಬಲ್‌ಗಳು ಮಫ್ತಿಯಲ್ಲಿ, ಎಂದರೆ ಯೂನಿಫಾರ್ಮ್ ಇಲ್ಲದೆ, ಅಲ್ಲಿ ಓಡುತ್ತಾರೆ. ಯಾರಾದರೂ ಬಾಲ ಬಿಚ್ಚಿದರೆ ನಾನು ಕಾರು ಅಡ್ಡ ಹಾಕಬೇಕು. ಒಂದು ತಿಂಗಳು ನೋಡೋಣ ಎಂದರು.

"ಒಂದು ದೂರೂ ಬಂದಿಲ್ಲ ಅಂತೀರಿ ಮೇಡಂ. ದೂರೇ ಇಲ್ಲ ಅಂದ್ಮೇಲೆ ತೊಂದ್ರೆ ಎಲ್ಲಿದೆ?" ಎಂದೆ.

"ಹೋಗಿ ನೋಡ್ಕೊಂಡು ಬನ್ನಿ, ಆಮೇಲೆ ನೀವೇ ಹೇಳಿ" ಎಂದರು.

ಹುಡುಗಿಯರಲ್ಲಿ ಉದ್ದಕ್ಕಿರುವವಳನ್ನು ಠಾಣೆಯಲ್ಲಿ ಬಾಣ ಎನ್ನುತ್ತಾರೆ. ಓಟದಲ್ಲಿ ಪದಕ ಗೆದ್ದವಳಂತೆ, ಮಾತು ಕಮ್ಮಿ. ಇನ್ನೊಬ್ಬಳು ಗುಬ್ಬಿ. ಆಳು ಕುಳ್ಳಿ, ಬಾಯಿ ಮಾತ್ರ ಊರಗಲ. ನನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಾರೋ ತಿಳಿಯದು. ತಿಳಿಯದಿರುವುದೇ ಬಿ.ಪಿ.ಗೆ ಒಳ್ಳೆಯದು.

ಮಾರ್ಚ್ ೫, ಬುಧವಾರ

ಗುಡ್ಡ ಅಗೆದು ಇಲಿ ಹಿಡಿದಂತೆ ಎನ್ನುತ್ತಾರೆ. ನಮಗೆ ಇಲಿಯೂ ಸಿಗಲಿಲ್ಲ. ಹುಡುಗಿಯರು ಸೇತುವೆಯಿಂದ ಪಂಪ್‌ಹೌಸ್‌ವರೆಗೆ ಓಡಿದರು, ತಿರುಗಿ ಓಡಿ ಬಂದರು. ರಸ್ತೆ ಬದಿಯ ಮೋಟುಗೋಡೆಯ ಮೇಲೆ ಕೂತಿದ್ದ ಪುಂಡರು ಕೂಡ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಇಂಥ ಸಜ್ಜನರ ರಸ್ತೆಗೆ ಪೊಲೀಸರೇಕೆ?

ಸಾಕು ಬನ್ನಿ ಎಂದು ಕರೆಯಲು ಹಿಂದಿನಿಂದ ಒಂದು ಹಾರನ್ ಹೊಡೆದೆ. ಬಾಣ ಬೆಚ್ಚಿಬಿದ್ದು ರಸ್ತೆಯ ಅಂಚಿಗೆ ಹಾರಿದಳು. ಕಾರಿನ ಹತ್ತಿರ ಬಂದು, "ಸಾರ್, ಹಾರನ್ ಬೇಡ. ಲೈಟ್ ಹಾಕಿ ಸಾಕು" ಎಂದಳು.

"ಪೊಲೀಸ್ ಆಗಿ ಹಾರನ್ನಿಗೆ ಹೆದರ್ತೀಯಲ್ಲಮ್ಮ" ಎಂದೆ.

ಗಾಡಿಗೆ ಹಾರನ್ ಇಟ್ಟಿರುವುದೇ ಹೊಡೆಯಲು. ಬೇಡ ಎಂದರೆ ಏನರ್ಥ?

ಮಾರ್ಚ್ ೬, ಗುರುವಾರ

ಇವತ್ತೂ ಏನೂ ಇಲ್ಲ. ಸಂಜೆ ಮನೆಗೆ ಬಂದರೆ ನಮ್ಮವಳು ತಾರಸಿಯ ಮೇಲೆ ತಲೆ ಸುತ್ತಿ ಕೂತಿದ್ದಳು. ಸಕ್ಕರೆ ಕಾಯಿಲೆ ಮತ್ತೆ ಏರಿದೆ. ಮಾತ್ರೆ ಇನ್ನೂ ಜಾಸ್ತಿ ಮಾಡುವುದಿಲ್ಲ, ದಿನಾ ಚೆನ್ನಾಗಿ ಬೀಸಿ ನಡೆಯಿರಿ, ಇಲ್ಲದಿದ್ದರೆ ಕಾಲಿಗೇ ಕುತ್ತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಇವಳು ನೀರಿನ ಟ್ಯಾಂಕಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತಾಳೆ. ಸುತ್ತಿದರೆ ತಲೆ ಸುತ್ತದೆ ಇನ್ನೇನಾಗುತ್ತದೆ? ಮೊದಲು ಕಾಲುವೆ ರಸ್ತೆಗೆ ಹೋಗುತ್ತಿದ್ದಳು. ಯಾಕೆ ಬಿಟ್ಟೆ ಎಂದರೆ, "ಧೂಳು ರೀ" ಎನ್ನುತ್ತಾಳೆ. ನಾನು ದಿನಾ ನೋಡುತ್ತಿದ್ದೇನೆ, ಅಲ್ಲಿ ಅಂಥ ಧೂಳೇನೂ ಇಲ್ಲ.

ಮಾರ್ಚ್ ೮, ಶನಿವಾರ

ಗುಟ್ಟು ಗೊತ್ತಾಯಿತು! ಇಷ್ಟು ವರ್ಷ ಕವಾಯತು ನೋಡಿದ ಕಣ್ಣಿಗೂ ಇದು ಕಾಣಲಿಲ್ಲವಲ್ಲ. ಮೋಟುಗೋಡೆಯ ಪಕ್ಕ ಕಾರು ನಿಲ್ಲಿಸಿ ಕಿಟಕಿ ಇಳಿಸಿದ್ದೆ. ಹುಡುಗಿಯರು ದೂರದಿಂದ ಬರುವ ಸದ್ದು ಕೇಳಿತು. ಇಬ್ಬರು ಓಡುತ್ತಿದ್ದಾರೆ, ಹೆಜ್ಜೆಯ ಸದ್ದು ಒಂದೇ! ಎಡ, ಬಲ, ಎಡ, ಬಲ. ಮೊಣಕೈ ಒಂದೇ ಮಟ್ಟ, ಕೂದಲಿನ ಗಂಟು ಒಂದೇ ಎತ್ತರ, ದೃಷ್ಟಿ ನೇರ. ಮೈಗೆ ಮಫ್ತಿ ತೊಡಿಸಿದ್ದೇವೆ, ಕಾಲಿಗೆ ಇನ್ನೂ ಯೂನಿಫಾರ್ಮ್. ಗೋಡೆಯ ಮೇಲಿದ್ದವನೊಬ್ಬ ಪಕ್ಕದವನಿಗೆ, "ಮಾವನ ಮನೆಯೋರು ಬಂದ್ರು ಕಣೋ" ಎಂದದ್ದು ನನ್ನ ಕಿವಿಗೇ ಬಿತ್ತು.

ಕಾರಿಗೆ ಬಂದಾಗ ಹೇಳಿದೆ. "ನೀವು ಓಡ್ತಿಲ್ಲಮ್ಮ, ಕವಾಯತು ಮಾಡ್ತಿದೀರಿ."

ಗುಬ್ಬಿ ಹಣೆ ಚಚ್ಚಿಕೊಂಡಳು. ಮತ್ತೆ ಓಡಿಸಿದೆ. ಬೇರೆ ಬೇರೆ ಹೆಜ್ಜೆ ಹಾಕಲು ಹೊರಟು ಒಬ್ಬರ ಕಾಲಿಗೊಬ್ಬರು ಎಡವಿದರು, ಎರಡು ನಿಮಿಷದಲ್ಲಿ ಮತ್ತೆ ಎಡ, ಬಲ. ಟ್ರೈನಿಂಗಿನಲ್ಲಿ ಬಂದದ್ದು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಇವತ್ತು ಬಹಳ ದಿನದ ಮೇಲೆ ನಗು ಬಂತು.

ಮಾರ್ಚ್ ೯, ಭಾನುವಾರ

ಬೆಳಗ್ಗೆ ಗ್ಯಾರೇಜಿನವನ ಜೊತೆ ಚಹಾ. ಹುಡುಗರಾಗಿದ್ದಾಗಿನಿಂದ ಗೆಳೆಯ, ನನ್ನ ಹೆಂಡತಿಯನ್ನು ಅತ್ತಿಗೆ ಎಂದೇ ಕರೆಯುವವನು. ಡ್ಯೂಟಿಯ ಗುಟ್ಟು ಬಿಟ್ಟುಕೊಡಲಿಲ್ಲ, ಆದರೆ ಹುಡುಗಿಯರ ಓಟದ ಬಗ್ಗೆ ಮಾತು ಬಂತು. ಅವನು ಒಂದು ಜೋಕು ಹೇಳಿದ. ಬರೆಯುವಂಥದ್ದಲ್ಲ. ನಕ್ಕೆ.

ಮಧ್ಯಾಹ್ನ ಹುಡುಗಿಯರು ಮನೆಗೆ ಬಂದರು. ಕಾರಿನಲ್ಲಿ ಬಿಟ್ಟ ಸ್ವೆಟರ್ ಒಯ್ಯಲು ಬಂದವರು ನಮ್ಮವಳ ಕೈಗೆ ಸಿಕ್ಕಿಕೊಂಡರು. ಗುಬ್ಬಿ ಕವಾಯತಿನ ಕಥೆಯನ್ನು ನಟಿಸಿ ತೋರಿಸಿದಳು. ನಮ್ಮವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ, "ಎದೆ ಎತ್ಕೊಂಡು, ಮುಂದೆ ನೋಡ್ಕೊಂಡು ಓಡಿದ್ರೆ ಯಾರು ಮೈಮೇಲೆ ಬರ್ತಾರೆ? ನಾವು ಹಾಗೆ ಹೋಗಲ್ಲ" ಎಂದಳು.

"ಮತ್ತೆ ಹೇಗಕ್ಕ?" ಎಂದು ಗುಬ್ಬಿ ಕೇಳಿದಳು.

ಇವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಬಾಗಿಲಿನಿಂದ ಟಿ.ವಿ.ಯವರೆಗೆ ನಡೆದು ತೋರಿಸಿದಳು. ನನ್ನ ಹೆಂಡತಿ ಇಷ್ಟು ಚಿಕ್ಕವಳಾಗಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ.

"ಹಾಡು ಕೇಳೋದಾದ್ರೆ ಒಂದೇ ಕಿವೀಲಿ. ಇನ್ನೊಂದು ಕಿವಿ ಹಿಂದಿನ ರಸ್ತೆಗೆ. ಬೈಕಿನ ಸದ್ದು ನಿಧಾನ ಆಯ್ತು ಅಂದ್ರೆ ಫೋನ್ ಎತ್ತಿ 'ಹಾಂ, ಇಲ್ಲೇ ಇದೀನಿ, ಬಂದ್ರಾ?' ಅನ್ನಿ. ಆ ಕಡೆ ಯಾರೂ ಇರಲ್ಲ. ಮೋಟುಗೋಡೆ ಬರೋಕೆ ಮೊದ್ಲೇ ರಸ್ತೆ ದಾಟಿ. ಅವರನ್ನ ನೋಡಿ ದಾಟಿದ ಹಾಗಿರಬಾರದು, ಕಾಲುವೆ ನೋಡೋಕೆ ದಾಟಿದ ಹಾಗಿರಬೇಕು. ಏನಾದ್ರೂ ಅಂದ್ರೆ ನಗಬೇಡಿ, ಮುಖಾನೂ ಗಂಟು ಹಾಕ್ಬೇಡಿ, ಎರಡೂ ಕಷ್ಟ. ಮತ್ತೆ ಇದು..." ಎಂದು ಮೊಳೆಯಲ್ಲಿದ್ದ ಬೀಗದ ಕೈ ಗೊಂಚಲು ತೆಗೆದು ಮುಷ್ಟಿಯಲ್ಲಿ ಹಿಡಿದಳು. ಒಂದೊಂದು ಬೆರಳಿನ ಸಂದಿಯಿಂದ ಒಂದೊಂದು ಬೀಗದ ಕೈ ಹೊರಗೆ ಇಣುಕುತ್ತಿತ್ತು. "ಇದನ್ನ ಮನೆ ಸೇರೋವರೆಗೂ ಹೀಗೇ ಹಿಡ್ಕೊಂಡಿರಬೇಕು."

ಬಾಣ ತನ್ನ ಮುಷ್ಟಿಯಲ್ಲಿ ಅದನ್ನು ಹಿಡಿದು ನೋಡಿದಳು. "ಟ್ರೈನಿಂಗಲ್ಲಿ ಇದನ್ನೆಲ್ಲ ಮರೆಸಿಬಿಟ್ಟಿದ್ರು ಅಕ್ಕ" ಎಂದಳು ಮೆಲ್ಲಗೆ.

ಇವಳಿಗೆ ಇದೆಲ್ಲ ಎಲ್ಲಿಂದ ಗೊತ್ತು ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಗುಬ್ಬಿ ಬಿಸ್ಕತ್ತು ಕೇಳಿದಳು, ಮಾತು ಬೇರೆ ಕಡೆಗೆ ಹೋಯಿತು.

ಮಾರ್ಚ್ ೧೧, ಮಂಗಳವಾರ

ಹೆಂಡತಿಯ ಪಾಠ ಫಲಿಸಿತು. ಫಲಿಸಿತು ಎಂದು ಬರೆಯಲು ಕೈ ಬರುವುದಿಲ್ಲ.

ಸೇತುವೆ ದಾಟುವ ಮೊದಲೇ ಒಬ್ಬ ಸಿಳ್ಳೆ ಹಾಕಿದ. ಪಂಪ್‌ಹೌಸಿನ ತಿರುವಿನಲ್ಲಿ ಸಾಮಾನು ಸಾಗಿಸುವ ವ್ಯಾನಿನವನು ಹಾರನ್ ಹೊಡೆದು ಬಾಯಿಯಿಂದ ಮುತ್ತಿನ ಸದ್ದು ಮಾಡಿದ. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಗೃಹಸ್ಥ, ಹಿಂದಿನ ಸೀಟಿನಲ್ಲಿ ಶಾಲೆಯ ಚೀಲ ಹಾಕಿಕೊಂಡ ಮಗಳು, ಕಿಟಕಿ ಇಳಿಸಿ ಗುಬ್ಬಿಯ ಮೈಯ ಬಗ್ಗೆ ಒಂದು ಮಾತು ಹೇಳಿದ. ಮಗಳು ಕೇಳಿಸಿಕೊಂಡಳು! ಒಂದೇ ಬೆಳಗ್ಗೆ, ಒಂದೇ ರಸ್ತೆ, ಅದೇ ಹುಡುಗಿಯರು. ಹೋದ ವಾರ ಎಲ್ಲರೂ ಸಜ್ಜನರಾಗಿದ್ದರು, ಈಗ ಹೆಜ್ಜೆ ಬದಲಾದದ್ದಕ್ಕೆ ಅವರ ಬಣ್ಣವೂ ಬದಲಾಯಿತು.

ಒಬ್ಬೊಬ್ಬರಿಗೂ ಕಾರು ಅಡ್ಡ ಹಾಕಿದೆ, ಮನೆಗೆ ಬಂದು ಬಿ.ಪಿ. ಮಾತ್ರೆ ನುಂಗಿದೆ.

ಮಾರ್ಚ್ ೧೪, ಶುಕ್ರವಾರ

ಬಾಣಳ ಬಗ್ಗೆ ಬರೆಯಲೇಬೇಕು. ಸಿಕ್ಕಿದವರನ್ನು ಅವಳು ಬೈಯುವುದಿಲ್ಲ. ಅಷ್ಟು ದೂರ ಓಡಿ ಬಂದಿದ್ದರೂ ಏದುಸಿರಿಲ್ಲ. ಗುರುತಿನ ಚೀಟಿ ತೋರಿಸಿ, ಎದುರು ನಿಂತು, "ಈಗ ಅಂದ್ರಲ್ಲ, ಅದನ್ನ ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳಿ" ಎನ್ನುತ್ತಾಳೆ. ಆಮೇಲೆ ಸುಮ್ಮನೆ ಕಾಯುತ್ತಾಳೆ. ಇದುವರೆಗೆ ಒಬ್ಬನೂ ಎರಡನೆಯ ಸಲ ಹೇಳಿಲ್ಲ. ಗೋಡೆಯ ಮೇಲಿನ ಹುಲಿಗಳೆಲ್ಲ ಇಂಗು ತಿಂದ ಮಂಗನ ಹಾಗೆ ನಿಂತಿರುತ್ತವೆ. ಮೊದಲ ಸಲವಾದರೆ ಹೆಸರು, ಗಾಡಿ ನಂಬರು ಬರೆದುಕೊಂಡು ಎಚ್ಚರಿಕೆ. ಎರಡನೆಯ ಸಲವಾದರೆ ಕೇಸು.

ಹೊಡೆದು ಬಾಯಿ ಬಿಡಿಸುವವರನ್ನು ಇಲಾಖೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೊಡೆಯದೆ ಬಾಯಿ ಮುಚ್ಚಿಸುವವಳನ್ನು ಈಗಲೇ ನೋಡಿದ್ದು.

ಮನೆಯಲ್ಲಿ ಹೇಳಿದೆ. ನಮ್ಮವಳು ಎಲ್ಲ ಬಿಟ್ಟು, "ಮೋಟುಗೋಡೆ ಹತ್ರ ಈಗ ಯಾರು ಕೂತಿರ್ತಾರೆ?" ಎಂದು ಕೇಳಿದಳು.

ಮಾರ್ಚ್ ೧೮, ಮಂಗಳವಾರ

ಹಿಂದಿನಿಂದ ಬಂದ ಬೈಕಿನವನು ಬಾಣಳ ಬೆನ್ನಿಗೆ ಬಾರಿಸಿ ಹೋದ. ಅವಳು ಜಲ್ಲಿಯ ಮೇಲೆ ಬಿದ್ದಳು. ಮಂಡಿ, ಅಂಗೈ ತರಚಿ ರಕ್ತ. ನಾನು ಬೈಕಿನ ಹಿಂದೆ ಹೋಗಲೋ, ಇವಳನ್ನು ಎತ್ತಲೋ ಎಂದು ಒಂದು ಕ್ಷಣ ತಡವರಿಸಿದೆ. "ಹೋಗಿ ಸಾರ್, ನಾನೇನೂ ಸಾಯಲ್ಲ!" ಎಂದು ಅವಳೇ ಕೂಗಿದಳು. ಹೋದೆ. ಸಂತೆ ಮೈದಾನದ ಬೇಲಿಗೆ ಒತ್ತರಿಸಿ ಹಿಡಿದೆ. ಮೊನ್ನೆ ಎಚ್ಚರಿಕೆ ಪಡೆದವನೇ. ಕೇಸಾಯಿತು.

ತಿರುಗಿ ಬಂದಾಗ ಗುಬ್ಬಿ ಗಾಯ ತೊಳೆಯುತ್ತಾ ಅಳುತ್ತಿದ್ದಳು, ಬಿದ್ದವಳು ಅವಳನ್ನು ಸಮಾಧಾನ ಮಾಡುತ್ತಿದ್ದಳು.

ಮಾರ್ಚ್ ೧೯, ಬುಧವಾರ

ಇವತ್ತು ಬರುವುದಿಲ್ಲ ಎಂದುಕೊಂಡಿದ್ದೆ. ನಾನು ಕಾರು ತಿರುಗಿಸುವ ಹೊತ್ತಿಗೆ ಬಾಣ ಸೇತುವೆಯ ಮೇಲೆ ಬ್ಯಾಂಡೇಜು ಹಾಕಿದ ಮಂಡಿ ಮಡಚಿ ಬಿಚ್ಚಿ ಮಾಡುತ್ತಿದ್ದಳು. "ಇವತ್ತು ಬರ್ದಿದ್ರೆ ನಾಳೆ ಇನ್ನೂ ಕಷ್ಟ ಸಾರ್" ಎಂದಳು. ಕುಂಟುತ್ತಲೇ ಓಡಿದಳು. ಎಂಥ ಹುಡುಗಿ! ಸ್ವಂತ ಮಗಳಿಲ್ಲ ನನಗೆ. ಇದ್ದಿದ್ದರೆ ಇಷ್ಟು ಧೈರ್ಯ ಕಲಿಸುತ್ತಿದ್ದೆನೋ, ತಾರಸಿಯ ಮೇಲೆ ಓಡು ಎನ್ನುತ್ತಿದ್ದೆನೋ.

ಮಾರ್ಚ್ ೨೨, ಶನಿವಾರ

ಇದನ್ನು ಹೇಗೆ ಬರೆಯುವುದು?

ಪಂಪ್‌ಹೌಸಿನ ತಿರುವಿನಲ್ಲಿ ನೀಲಿ ಪಿಕಪ್ ಒಂದು ಬಾಣಳ ಪಕ್ಕಕ್ಕೆ ಬಂದು ನಿಧಾನವಾಯಿತು. ಉದ್ದ ಹಾರನ್ ಒಂದು, ಮೋಟು ಹಾರನ್ ಎರಡು. ಆಮೇಲೆ ಕಿಟಕಿಯಿಂದ ಮಾತು, ಮಾತಿನ ಹಿಂದೆ ನಗು. ಆ ನಗು ನನಗೆ ಗೊತ್ತು. ಪ್ರತಿ ಭಾನುವಾರ ಕೇಳುತ್ತೇನೆ.

ಕಾರು ಅಡ್ಡ ಹಾಕಿದೆ. ಗ್ಯಾರೇಜಿನವನು ಇಳಿದ. ನನ್ನನ್ನು ನೋಡಿ ಅವನ ಮುಖ ಅರಳಿತು. "ಅಯ್ಯೋ ನೀನಾ! ಸದ್ಯ, ಬೇರೆ ಯಾರೋ ಅಂತ ಗಾಬರಿ ಆಗಿಬಿಟ್ಟಿತ್ತು."

ಬಾಣ ಗುರುತಿನ ಚೀಟಿ ತೋರಿಸಿದಳು. ಅವನು ಕೈ ಮುಗಿದ. "ಮೇಡಂ, ಪೊಲೀಸ್ ಅಂತ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳ್ತೀನಿ. ಯಾರೋ ಅಂದ್ಕೊಂಡೆ."

"ಯಾರೋ ಅಂದ್ರೆ ಯಾರು?" ಎಂದಳು ಬಾಣ.

ಅವನು ನನ್ನ ಕಡೆ ನೋಡಿದ. ನಾನು ಏನಾದರೂ ಹೇಳಿ ನಗಿಸಿ ಬಿಡಿಸುತ್ತೇನೆಂದು ಕಾದ. ಎಷ್ಟು ಸಲ ಹಾಗೆ ಮಾಡಿಲ್ಲ ನಾನು? ನನಗೆ ನಗು ಬರಲಿಲ್ಲ. ಪೆನ್ನು ತೆಗೆದು ಅವನ ಗಾಡಿಯ ನಂಬರು ಬರೆದುಕೊಂಡೆ. ಅದು ನೋಡದೆಯೂ ನನಗೆ ಬಾಯಿಪಾಠ.

"ತಮಾಷೆಗೆ ಅಂದದ್ದಕ್ಕೆ ನೀನೇ ಬರೀತೀಯೇನೋ?" ಎಂದ.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ ಕಣೋ, ಅದು ಇದೇ. ಸಹಿ ಹಾಕು" ಎಂದೆ.

ಹಾಕಿ ಹೋದ. ಹುಡುಗಿಯರನ್ನು ಠಾಣೆಗೆ ಕರೆತಂದೆ. ಇಳಿಯುವಾಗ ಬಾಣ, "ಸಾರ್, ನಿಮಗೆ ಕಷ್ಟ ಆಯ್ತು" ಎಂದಳು. ಬೆನ್ನಿಗೆ ಏಟು ತಿಂದವಳು ನನಗೆ ಕಷ್ಟವಾಯಿತೆನ್ನುತ್ತಾಳೆ.

ಮಾರ್ಚ್ ೨೩, ಭಾನುವಾರ

ಬೆಳಗ್ಗೆ ಚಹಾಕ್ಕೆ ಹೋಗಲಿಲ್ಲ. ಯಾಕೆಂದು ನಮ್ಮವಳು ಕೇಳಿದಳು. ಹೇಳಿದೆ. ಅವಳಿಗೆ ಆಶ್ಚರ್ಯವಾಗುತ್ತದೆ ಎಂದುಕೊಂಡಿದ್ದೆ. ಲೋಟಕ್ಕೆ ಚಹಾ ಸೋಸುತ್ತಾ, "ಉದ್ದದ್ದೊಂದು, ಮೋಟು ಎರಡು" ಎಂದಳು.

"ಏನು?"

"ಹಾರನ್ನು. ಅವರ ಹಾರನ್ ಹಾಗೇ ಅಲ್ವಾ ಹೊಡೆಯೋದು. ಹೋದ ವರ್ಷ ಹಿಂದಿನಿಂದ ಬಂದ್ರು. ಏನೋ ಅಂದ್ರು. ತಿರುಗಿ ನೋಡಿದೆ. 'ಅಯ್ಯೋ ಅತ್ತಿಗೆ, ನೀವಾ! ತಪ್ಪು ತಿಳ್ಕೋಬೇಡಿ, ಯಾರೋ ಅಂದ್ಕೊಂಡೆ' ಅಂದ್ರು. ಆಮೇಲೆ ನಮ್ಮನೆಗೇ ಬಂದು ಊಟ ಮಾಡ್ಕೊಂಡು ಹೋದ್ರು. ನಾನೇ ಬಡಿಸಿದೆ."

ನಾನು ಲೋಟ ಕೆಳಗಿಟ್ಟೆ. "ನಂಗ್ಯಾಕೆ ಹೇಳಲಿಲ್ಲ?"

"ಧೂಳು ಅಂದೆನಲ್ಲ" ಎಂದಳು.

ಇಡೀ ಮಧ್ಯಾಹ್ನ ಕಾರು ತೊಳೆದೆ. ತೊಳೆದ ಕಾರನ್ನೇ ಮತ್ತೆ ತೊಳೆದೆ. ಸ್ಟೀರಿಂಗಿನ ನಡುವಿನ ಹಾರನ್ನನ್ನು ಒರೆಸುವಾಗ ಕೈ ತಗುಲಿ ಸದ್ದಾಯಿತು. ಒಳಗಿನ ಕಿಟಕಿಯಲ್ಲಿ ಇವಳು ಬೆಚ್ಚಿ ತಿರುಗಿ ನೋಡಿದಳು. ಇಷ್ಟು ವರ್ಷ ಗೇಟಿನ ಹತ್ತಿರ ಬಂದು ಹಾರನ್ ಹೊಡೆದೇ ಅವಳನ್ನು ಕರೆದಿದ್ದೇನೆ.

ಮಾರ್ಚ್ ೨೬, ಬುಧವಾರ

ತಾರಸಿಯಿಂದ ಇಳಿಯುವಾಗ ಇವಳಿಗೆ ಮತ್ತೆ ತಲೆ ಸುತ್ತಿತು, ಮೆಟ್ಟಿಲಿಗೆ ಕಂಬಿ ಇದ್ದದ್ದರಿಂದ ಬಚಾವು. ನಾಳೆ ಕಾಲುವೆ ರಸ್ತೆಗೆ ಬಾ, ಕಾರು ಜೊತೆಗೇ ಬರುತ್ತದೆ ಎಂದೆ. "ಕಾರು ಬರೋದಾದ್ರೆ ಅದು ನನ್ನ ನಡಿಗೆ ಅಲ್ಲ, ಮೆರವಣಿಗೆ" ಎಂದಳು. ಮಾತಿಗೇನೂ ಕಮ್ಮಿಯಿಲ್ಲ. ಆದರೆ ಭಯವೂ ಹಾಗೇ ಇದೆ. ಹೇಗೆ ತೆಗೆಯುವುದೋ ನನಗೆ ತಿಳಿಯುತ್ತಿಲ್ಲ.

ಮಾರ್ಚ್ ೨೯, ಶನಿವಾರ

ಮೇಡಂ ಕರೆದಿದ್ದರು. ತಿಂಗಳು ಮುಗಿಯಿತು, ಕೆಲಸ ಚೆನ್ನಾಗಿದೆ, ಇನ್ನು ಈ ತಂಡವನ್ನು ರೈಲ್ವೆ ಸ್ಟೇಷನ್ ರಸ್ತೆಗೆ ಕಳಿಸುತ್ತೇವೆ ಎಂದರು. ಅಲ್ಲಿಯೂ ಇದೇ ಗೋಳಂತೆ. ನೀವು ಬೇಕಾದರೆ ಜೀಪಿಗೆ ಹೋಗಬಹುದು ಎಂದರು.

"ಕಾಲುವೆ ರಸ್ತೆಗೆ ಯಾರು ಮೇಡಂ? ನಾವು ಹೋದ ಮಾರನೇ ದಿನ ಗೋಡೆ ಮೇಲೆ ಮತ್ತೆ ಕೂರ್ತಾರೆ" ಎಂದೆ.

"ತೊಂದ್ರೆ ಎಲ್ಲಿದೆ ಅಂತ ಕೇಳಿದ್ರಲ್ಲ ನೀವು" ಎಂದು ನಕ್ಕರು. ಆಮೇಲೆ, "ಬೀಟ್ ಪೊಲೀಸರಿಗೆ ದಿನಾ ಗಸ್ತು ತಿರುಗೋಕೆ ಹೇಳಿದೀನಿ. ಆದ್ರೆ ಆ ರಸ್ತೆಯಲ್ಲಿ ಹೆಂಗಸರು ತುಂಬಿದ್ರೆ ಅದೇ ದೊಡ್ಡ ಬೀಟು" ಎಂದರು. ಜೀಪು ಬೇಡ, ನಮ್ಮ ಹುಡುಗಿಯರ ಜೊತೆಗೇ ಇರುತ್ತೇನೆ ಎಂದು ಹೇಳಿ ಬಂದೆ.

ಮಾರ್ಚ್ ೩೦, ಭಾನುವಾರ

ಹುಡುಗಿಯರನ್ನು ಊಟಕ್ಕೆ ಕರೆದಿದ್ದೆವು. ಊಟವಾದ ಮೇಲೆ ನಮ್ಮವಳು ಇದ್ದಕ್ಕಿದ್ದಂತೆ, "ನಿಮ್ಮ ಆ ಹೆಜ್ಜೆ ನಂಗೆ ಕಲಿಸಿ" ಎಂದಳು.

"ಯಾವ ಹೆಜ್ಜೆ ಅಕ್ಕ?"

"ಅದೇ, ಯಾರೂ ಮಾತಾಡಿಸದ ಹೆಜ್ಜೆ. ನಾನು ನಿಮಗೆ ನಮ್ಮದು ಕಲಿಸಲಿಲ್ವಾ?"

ಬಾಣ ತಲೆಯಾಡಿಸಿದಳು. "ಪೊಲೀಸ್ ಥರ ನಡೆದ್ರೆ ಮಾತ್ರ ಬಿಡ್ತಾರೆ ಅನ್ನೋದಾದ್ರೆ ನಾವು ಗೆದ್ದ ಹಾಗೆ ಆಗಲ್ಲ ಅಕ್ಕ. ನೀವು ನಿಮ್ಮ ಥರಾನೇ ಹೋಗೋ ಹಾಗಾಗ್ಬೇಕು."

"ಆಗಲಿ ತಾಯಿ. ಅಲ್ಲೀವರೆಗೂ ನನ್ನ ಸಕ್ಕರೆ ಕಾಯುತ್ತಾ?" ಎಂದಳು ಇವಳು. "ನನ್ನ ಥರ ಅಂದ್ರೆ ಹೇಗೆ ಅನ್ನೋದೇ ಮರೆತೋಗಿದೆ. ಮೊದ್ಲು ನಿಮ್ಮ ಥರ ಹೋಗ್ತೀನಿ, ಆಮೇಲೆ ನನ್ನದು ತಾನಾಗೇ ಬರುತ್ತೆ."

ಬಾಣ ಎದ್ದು ನಿಂತಳು. ಇಬ್ಬರೂ ಸೇರಿ ತಾರಸಿಯ ಮೇಲೆ ಕವಾಯತು ಮಾಡಿಸಿದರು. ಗದ್ದ ಮೇಲೆ ಅಕ್ಕ, ಭುಜ ಹಿಂದೆ, ನೆಲ ನೋಡಬೇಡಿ. ಇವಳು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಎಡಕ್ಕೆ ಬಲ, ಬಲಕ್ಕೆ ಎಡ ಹಾಕಿ ಎಲ್ಲರನ್ನೂ ನಗಿಸಿದಳು. ಕೆಳಗೆ ಪಾತ್ರೆ ತೊಳೆಯುತ್ತಿದ್ದ ನನಗೆ ಛಾವಣಿಯ ಮೇಲೆ ಮೂರು ಜೊತೆ ಕಾಲುಗಳ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಒಂದೇ ಸದ್ದಾಯಿತು.

ಏಪ್ರಿಲ್ ೫, ಶನಿವಾರ

ಈ ವಾರ ಬರೆಯುವುದೇ ಮರೆತುಹೋಗಿತ್ತು. ಸ್ಟೇಷನ್ ರಸ್ತೆಯ ಡ್ಯೂಟಿ ಸಂಜೆಗೆ, ಬೆಳಗ್ಗೆ ಬಿಡುವು. ನಮ್ಮವಳು ಕಾಲುವೆ ರಸ್ತೆಗೆ ಹೋಗುತ್ತೇನೆ ಎಂದಳು. ಪಕ್ಕದ ಮನೆಯ ಟೀಚರು, ಅವರ ಸೊಸೆ, ಹಿಂದಿನ ಬೀದಿಯ ಟೈಲರಮ್ಮ, ಇಷ್ಟು ಜನ. ಹುಡುಗಿಯರೂ ರಜೆಯ ಬೆಳಗ್ಗೆ ಎದ್ದು ಬಂದಿದ್ದರು, ಡ್ಯೂಟಿಗಲ್ಲ.

ನಾನು ಕಾರು ತರಲಿಲ್ಲ. ಮೋಟುಗೋಡೆಯ ಹತ್ತಿರ ನಿಂತಿದ್ದೆ. ಗೋಡೆಯ ಮೇಲೆ ನಾಲ್ಕೈದು ಜನ ಹೊಸಬರು ಕೂತಿದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ದೂರದಲ್ಲಿ ಹೆಂಗಸರು ಕಾಣಿಸಿದರು. ಇವಳು ಮುಂದೆ, ಒಂದು ಕೈ ಬೀಸುತ್ತಿತ್ತು, ಇನ್ನೊಂದು ಮುಷ್ಟಿ ಕಟ್ಟಿಕೊಂಡಿತ್ತು. ರಸ್ತೆ ದಾಟುವ ಜಾಗ ಬಂತು. ಇವಳ ಹೆಜ್ಜೆ ಸ್ವಲ್ಪ ತಡವರಿಸಿತು. ಹಿಂದಿದ್ದ ಬಾಣ ಅವಳ ಕೈ ಹಿಡಿಯಲಿಲ್ಲ. ಇವಳು ಗದ್ದ ಎತ್ತಿದಳು. ದಾಟಲಿಲ್ಲ. ಗೋಡೆಯ ಪಕ್ಕದಲ್ಲೇ ಬಂದಳು.

ಗೋಡೆಯ ಮೇಲಿನ ಒಬ್ಬ ಸಿಳ್ಳೆ ಹಾಕಲು ತುಟಿ ಮುಂದೆ ಮಾಡಿದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಇವಳೇ ನಿಂತಳು, ಅವನ ಕಡೆ ಪೂರ್ತಿ ತಿರುಗಿದಳು. "ಏನೋ ಹೇಳೋಕೆ ಹೊರಟಿದ್ರಿ. ನನ್ನ ಮುಖ ನೋಡ್ಕೊಂಡು ಹೇಳಿ" ಎಂದಳು. ಕಾದಳು. ಟೀಚರು, ಸೊಸೆ, ಟೈಲರಮ್ಮ ಎಲ್ಲರೂ ನಿಂತು ಕಾದರು. ಅವನು ಏನೂ ಇಲ್ಲಮ್ಮ ಎಂದು ಗೋಡೆಯ ಆಚೆ ಇಳಿದ.

ಇವಳು ನನ್ನ ಹತ್ತಿರ ಬಂದಳು. ಮುಖ ಬೆವೆತು ಕೆಂಪಾಗಿತ್ತು. ಎಷ್ಟು ಚೆನ್ನಾಗಿ ಕಂಡಳೆಂದರೆ, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಬರೆಯಲು ನಾಚಿಕೆ. ಮುಷ್ಟಿ ಬಿಚ್ಚಿ ಬೀಗದ ಕೈ ಗೊಂಚಲನ್ನು ನನ್ನ ಕೈಗೆ ಹಾಕಿದಳು. ಬಿಸಿಯಾಗಿತ್ತು. ಅವಳ ಬೆರಳುಗಳ ನಡುವೆ ಕೆಂಪು ಗೆರೆ ಮೂಡಿದ್ದವು.

"ಇದನ್ನ ನೀವೇ ಇಟ್ಕೊಳ್ಳಿ ರೀ" ಎಂದಳು. "ಕೈ ಬೀಸೋಕೆ ಅಡ್ಡ ಬರುತ್ತೆ."